ಆಂಬ್ರೋಸ್ ತಲೆಕೆಳಗಾಗಿ ಕೂರಿಸಿದ ಗಾಜು

ಥಾರ್ನ್‌ಬೆಕ್‌ನಲ್ಲಿ ಆಂಬ್ರೋಸನ ಕೈ ಮುಟ್ಟದ ಕಿಟಕಿಯಿಲ್ಲ, ಅವನಿಂದ ಬೈಸಿಕೊಳ್ಳದ ಮನುಷ್ಯನೂ ಇಲ್ಲ. ಅವನು ಗಾಜು ಕೂರಿಸುವವನು, ನಾನು ಎದುರಿನ ಬ್ರೆಡ್ಡಿನಂಗಡಿಯವಳು. ನನ್ನ ಕಿಟಕಿಯ ಗಾಜು ಅಲುಗದಿರಲೆಂದು ಅಂಚಿಗೆ ನಾನೇ ಪುಟ್ಟಿ ಮೆತ್ತಿಕೊಂಡಾಗ, "ಇದೇನು, ಕೇಕಿಗೆ ಸಕ್ಕರೆ ಬಳಿದಂಗೆ ಬಳಿದೀಯ?" ಎಂದು ಗಿರಾಕಿಗಳ ಮುಂದೆಯೇ ನನ್ನ ಮಾನ ಕಳೆದಿದ್ದ ಮಹಾರಾಯ.

ಅವನ ಪ್ರಾಣವೆಲ್ಲ ಸಾಲುಸಾಲಾಗಿ ಚಿಕ್ಕ ಗಾಜು ಜೋಡಿಸಿದ ಇಗರ್ಜಿಯ ದೊಡ್ಡ ಕಿಟಕಿಯಲ್ಲಿತ್ತು. ಐವತ್ತು ವರ್ಷದ ಹಿಂದೆ ಅವನ ಅಪ್ಪ ಅದನ್ನು ಕೂರಿಸುವಾಗ ಹತ್ತೊಂಬತ್ತರ ಆಂಬ್ರೋಸ್ ಜೊತೆಗಿದ್ದ. ಅದಕ್ಕೀಗ ಕುತ್ತು ತಂದವನು ಶಾಲೆಯ ಮೇಷ್ಟ್ರು ಕ್ರಾಸ್ಲಿ.

"ಗಾಜು ಗಟ್ಟಿ ಪದಾರ್ಥ ಅಲ್ವೇ ಅಲ್ಲ, ದ್ರವ!" ಎಂದು ಇಗರ್ಜಿಯಲ್ಲಿ ಸೇರಿದ್ದ ಊರ ಸಭೆಯಲ್ಲಿ ಎದ್ದು ನಿಂತು ಹೇಳಿದ. "ಜೇನುತುಪ್ಪದ ಹಾಗೆ ಮೆಲ್ಲಗೆ ಇಳೀತಾ ಇರುತ್ತೆ. ಕೈಗೆಟುಕಿದ ಸಾಲಿನ ಗಾಜನ್ನೆಲ್ಲ ಅಳೆದು ನೋಡಿದೀನಿ. ಎಲ್ಲಾ ಕೆಳಗೆ ದಪ್ಪ, ಮೇಲೆ ತೆಳು. ಒಂದಿನ ಪಾದ್ರಿಗಳ ತಲೆ ಮೇಲೇ ಬೀಳುತ್ತೆ ನೋಡ್ತಿರಿ."

ಪಾದ್ರಿಗಳು ತಲೆ ಮುಟ್ಟಿಕೊಂಡರು. ಕಿಟಕಿ ಕಿತ್ತು ಕಾರ್ಖಾನೆ ಗಾಜು ಹಾಕಿಸೋಣ ಎಂದು ನಾಲ್ಕೈದು ಜನ ಆಗಲೇ ಗುಸುಗುಸು ಶುರು ಮಾಡಿದರು.

"ಅಯ್ಯೋ, ಬಾಯಲ್ಲಿ ಊದಿ ಮಾಡಿದ ಗಾಜು ಒಂದೇ ಸಮ ಬರಲ್ಲ!" ಆಂಬ್ರೋಸ್ ಕೂಗಿದ. "ದಪ್ಪ ಅಂಚು ಕೆಳಗಿಟ್ಟು ಕೂರಿಸೋದು ನಮ್ಮ ಕಸುಬಿನ ಪದ್ಧತಿ. ಕುಲುಮೇಲಿದ್ದಾಗ ಹರೀತಿತ್ತು, ನಿಜ. ಈಗ ಕಲ್ಲಿನ ಹಾಗೆ ನಿಂತಿದೆ!"

"ಅಪ್ಪನ ಕೆಲಸ ಉಳಿಸ್ಕೊಳ್ಳೋಕೆ ನೀನು ಏನಾದ್ರೂ ಹೇಳ್ತೀಯ ಬಿಡು," ಅಂದ ಕ್ರಾಸ್ಲಿ.

ಆಂಬ್ರೋಸನ ಮುಖ ಕೆಂಪಾಯಿತು, ಆಮೇಲೆ ಬಿಳಚಿಕೊಂಡಿತು. ಸರಸರ ಹೋಗಿ ಏಣಿ ತಂದು ಗೋಡೆಗೆ ಆನಿಸಿದ.

"ಏಣಿ ಹತ್ತಿ ಮೇಷ್ಟ್ರೇ. ಕೆಳಗಿನಿಂದ ಐದನೇ ಸಾಲು, ಎಡಗಡೆಯಿಂದ ಮೂರನೇದು."

ಕ್ರಾಸ್ಲಿ ಹತ್ತಿದ, ಅಳೆದ. ಮತ್ತೆ ಅಳೆದ.

"ಇದು... ಮೇಲೆ ದಪ್ಪ ಇದೆ."

"ಹಾಗಾದ್ರೆ ನಿಮ್ಮ ಜೇನುತುಪ್ಪ ಇದೊಂದ್ರಲ್ಲಿ ಮೇಲಕ್ಕೆ ಹತ್ತಿತಾ?"

ಇಗರ್ಜಿಗೆ ಇಗರ್ಜಿಯೇ ಗೊಳ್ಳೆಂದು ನಕ್ಕಿತು. ಆಂಬ್ರೋಸ್ ಮಾತ್ರ ನಗಲಿಲ್ಲ. ಟೋಪಿ ಹಿಂಡುತ್ತಾ ಹೇಳಿದ: "ಅದನ್ನ ಕೂರಿಸಿದೋನು ನಾನು. ತಲೆಕೆಳಗು ಮಾಡಿಬಿಟ್ಟೆ. ಅಪ್ಪ ಬೈತಾರೆ ಅಂತ ಬಾಯಿಬಿಡಲಿಲ್ಲ. ಹಾಗಿದ್ದೂ ಊರೆಲ್ಲರ ತಪ್ಪು ಹುಡುಕ್ತಾ ತಿರುಗಿದ್ದು ನಾನೇ."

ಚಹಾ ಕೊಡುತ್ತಿದ್ದ ಅವನ ಹೆಂಡತಿ ಹಿಲ್ಡಾ ಕೆಟಲು ಕೆಳಗಿಟ್ಟಳು.

"ಏ ಪೆದ್ದ ಮುದುಕ, ನಿಮ್ಮಪ್ಪ ಅದನ್ನ ಅವತ್ತೇ ನೋಡಿದ್ರು. ನಮ್ಮ ಮದುವೆಗೆ ಮುಂಚೆನೇ ನನಗೆ ಹೇಳಿ, 'ಅವನಾಗಿ ಹೇಳೋ ತನಕ ನೀನು ಬಾಯಿಬಿಡಬೇಡಮ್ಮ' ಅಂತ ಆಣೆ ಹಾಕಿಸ್ಕೊಂಡಿದ್ರು."

"ಅಪ್ಪನಿಗೆ ಗೊತ್ತಿತ್ತಾ?" ಆಂಬ್ರೋಸ್ ಅವಳತ್ತ ತಿರುಗಿದ. "ಸರಿ ಮಾಡು ಅನ್ನಲಿಲ್ಲ ಯಾಕೆ?"

"ಅದನ್ನ ನೋಡಿದ್ರೆ ಅವರಿಗೆ ನಗು ಬರ್ತಿತ್ತು. ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ ತಲೆಯೆತ್ತಿ ನಗ್ತಿರಲಿಲ್ವಾ?"

"ನಾನು ದೇವರನ್ನ ನೆನೆಸ್ಕೊಂಡು ನಗ್ತಾರೆ ಅಂದ್ಕೊಂಡಿದ್ದೆ ಕಣೇ!"

ಆಂಬ್ರೋಸ್ ಬೆಂಚಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಮಗೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಕಿಟಕಿ ಕೀಳುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಅದೊಂದು ಗಾಜನ್ನಾದರೂ ತಿರುಗಿಸಿ ಸರಿಮಾಡಲೇ ಎಂದು ಅವನು ಕೇಳಿದಾಗ, ಬೇಡವೇ ಬೇಡ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಏಣಿಯ ಮೇಲೆ ಇನ್ನೂ ನಿಂತಿದ್ದ ಕ್ರಾಸ್ಲಿ.