ಮೊದಲ ಸಾಲಿನ ಮೇಲೊಂದು ಶ್ರೀ

ಇದನ್ನು ಹೇಳಬೇಕೆಂದುಕೊಂಡು ವರ್ಷಗಳೇ ಆದವು. ಇವತ್ತು ಬೇಡ, ನಾಳೆ ಎನ್ನುತ್ತಲೇ ಬಂದೆ. ಮೊನ್ನೆ ಶಿಕಾರಿಪುರದ ಗುಜರಿ ಅಂಗಡಿಯೊಂದರ ಮುಂದೆ ಹಳೆಯ ಕಂಪ್ಯೂಟರ್ ಪರದೆ ಬಿದ್ದಿತ್ತು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದಾಗ ಇನ್ನು ಮುಂದೂಡಬಾರದು ಎನಿಸಿತು...

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಅಟೆಂಡರ್. ಬಾಗಿಲು ತೆಗೆಯುವುದು, ಧೂಳು ಒರೆಸುವುದು, ಯಂತ್ರಗಳಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗುವುದು ನನ್ನ ಕೆಲಸ. ಪಾಠ ಮಾಡುತ್ತಿದ್ದವರು ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಡಂ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಹತ್ತನೇ ತರಗತಿಗೆ ಓದು ಬಿಟ್ಟ ನನಗೂ ಬಿಡುವಿನಲ್ಲಿ ವೆಬ್ ಪುಟ ಬರೆಯುವುದನ್ನು ಹೇಳಿಕೊಟ್ಟರು. ಎಚ್‌ಟಿಎಂಎಲ್ ಎಂಬ ಟ್ಯಾಗಿನಿಂದ, ಅಂದರೆ ಕಂಪ್ಯೂಟರಿಗೆ ತಿಳಿಯುವ ಗುರುತುಪದದಿಂದ, ಪುಟ ಶುರುವಾಗಬೇಕು, ಅದನ್ನೇ ಮುಚ್ಚಿ ಮುಗಿಯಬೇಕು.

“ಇದು ರೂಟ್ ಅಣ್ಣಾ, ಎಲ್ಲದಕ್ಕೂ ಬುಡ. ಇದರ ಹೊರಗೆ ಒಂದಕ್ಷರಾನೂ ಇರ್ಬಾರ್ದು.”

“ಮ್ಯಾಲೆ ಒಂದು ಶ್ರೀನಾದ್ರೂ ಬ್ಯಾಡೇನ್ರೀ ಮೇಡಂ?”

“ದೇವ್ರನ್ನೂ ಒಳಗೇ ಕೂರ್ಸಿ ಮಾರಾಯ್ರೆ!” ಎಂದು ನಕ್ಕಿದ್ದರು.

ನನಗೆ ನಗು ಬರಲಿಲ್ಲ. ಶ್ರೀ ಬರೆಯದೆ ಸಂತೆಯ ಚೀಟಿಯನ್ನೂ ಶುರು ಮಾಡದ ಮನೆ ನಮ್ಮದು.

ಮುಖ್ಯ ಕಚೇರಿಯಿಂದ ಪರೀಕ್ಷಕರೊಬ್ಬರು ಬರುವವರಿದ್ದರು. ಮೇಡಂ ಬರೆದ ಮಾದರಿ ಪುಟ ಒಪ್ಪಿಗೆಯಾದರೆ ಅವರ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಅಂದು ಬೆಳಿಗ್ಗೆ ಒಬ್ಬನೇ ಇದ್ದಾಗ ನನಗೆ ಹೆದರಿಕೆ ಹೊಕ್ಕಿತು. ಶ್ರೀಕಾರವಿಲ್ಲದ ಪುಟ ದೊಡ್ಡವರ ಮುಂದೆ ಹೋದರೆ ಮೇಡಂಗೇ ಕೇಡಾದೀತು... ಮೊದಲ ಟ್ಯಾಗಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ ಎಂದು ಒತ್ತಿ, ಸೇವ್ ಮಾಡಿದೆ.

ಪರೀಕ್ಷಕರು ಪುಟ ತೆರೆದರು. ಪರದೆಯ ಮೂಲೆಯಲ್ಲಿ ಆ ಒಂದು ಪದ ಒಂಟಿಯಾಗಿ ನಿಂತಿತ್ತು. ಪುಟದ ಹಿಂದೆ ಅಡಗಿರುವ ಟ್ಯಾಗುಗಳ ಬರಹವನ್ನು ತೆಗೆಸಿ ನೋಡಿದರು.

“ರೂಟ್ ಟ್ಯಾಗಿನ ಹೊರಗೆ ಇದೇನ್ರೀ? ಮೊದಲನೇ ಸಾಲೇ ಬರಲ್ಲ, ನೀವು ಮಕ್ಕಳಿಗೆ ಕಲಿಸ್ತೀರಾ?”

ಮೇಡಂ ನನ್ನತ್ತ ತಿರುಗಿದರು. ಗೊತ್ತಾಗಿತ್ತು ಅವರಿಗೆ. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ... ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಡತೊಡಗಿದೆ.

“ನನ್ನದೇ ಕಣ್ತಪ್ಪು ಸರ್,” ಎಂದರು ಅವರು.

ಆ ಮಾತು ಕೇಳಿ ನನಗೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂಬುದನ್ನು ನೆನೆದರೆ ಈಗಲೂ ನನ್ನನ್ನು ಕಂಡರೆ ನನಗೇ ಭಯ.

ಮರುದಿನದಿಂದ ಅವರು ಬರಲಿಲ್ಲ. ಆಮೇಲೆ ಎಷ್ಟೋ ಸಲ ಸೊರಬಕ್ಕೆ ಹೋಗಿದ್ದೇನೆ. ಅವರ ಮನೆ ಎಲ್ಲಿ ಎಂದು ಯಾರನ್ನೂ ಕೇಳಲಿಲ್ಲ. ಯಾರಾದರೂ ತೋರಿಸಿಬಿಟ್ಟರೆ ಎಂಬ ಅಂಜಿಕೆ. ಈಗ ಕೇಳಿದರೂ ಅವರ ಗುರುತು ಹೇಳುವವರು ಅಲ್ಲಿ ಉಳಿದಿಲ್ಲ... ತಪ್ಪಾಯಿತು ಎಂದು ನಾನು ಹೇಳದೆ ಉಳಿದದ್ದು ಅವರೊಬ್ಬರಿಗೇ, ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದ ಸೊರಬದ ಮೇಡಂಗೆ.