ಬರಮಪ್ಪನ ಕರಿ ಅಂಗಿಯ ಬೆನ್ನು ಹತ್ತಿ

ಕೂಡ್ಲಿಗಿಯಲ್ಲಿ ಬಸ್ಸಿಳಿದಾಗ ಹನ್ನೊಂದು ಗಂಟೆ. ಹುಬ್ಬಳ್ಳಿಯಿಂದ ನಸುಕಿನಲ್ಲಿ ಹೊರಟು ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಬಂದ ನನಗೆ ಆಗಲೇ ಸೊಂಟ ಹಿಡಿದಿತ್ತು. ಖರ್ಚಂತೂ ಇಲ್ಲ, ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿ ಟಿಕೆಟ್ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು. ಐವತ್ತು ದಾಟಿದ ಡ್ರಾಯಿಂಗ್ ಟೀಚರ್ ಒಬ್ಬಳು ಒಂದು ಹಳೆಯ ಟೀ ಶರ್ಟಿಗಾಗಿ ಬಿಸಿಲಲ್ಲಿ ಅಲೆಯುವುದನ್ನು ಹುಚ್ಚು ಅನ್ನುವವರು ಅನ್ನಲಿ. ಆ ಎರಡು ದಿನ ನಾನೂ ಹಲವು ಸಲ ಹಾಗೇ ಅಂದುಕೊಂಡೆ.

ನಾನು ಕಾಲೇಜಿನಲ್ಲಿದ್ದಾಗ ಜಗತ್ತು ಸುತ್ತುತ್ತಿದ್ದ ದೊಡ್ಡ ರಾಕ್ ತಂಡವೊಂದು ಬೆಂಗಳೂರಿಗೆ ಬಂದಿತ್ತು. ಟಿಕೆಟ್ ಕೊಂಡಿದ್ದೆ. ಅದೇ ದಿನ ನನ್ನನ್ನು ನೋಡಲು ಗಂಡಿನವರು ಬಂದರು. ಉಪ್ಪಿಟ್ಟು, ಶಿರಾ ಹಂಚುತ್ತ ಮನೆಯಲ್ಲೇ ಉಳಿದೆ. ಆ ಸಂಬಂಧವೂ ಕೂಡಲಿಲ್ಲ, ಆ ತಂಡವೂ ಮತ್ತೆ ಬರಲಿಲ್ಲ. ಅಂದಿನಿಂದ ಆ ಒಂದು ಸಂಜೆಯ ಚೂರುಪಾರುಗಳನ್ನು ಕೂಡಿಹಾಕುತ್ತ ಬಂದಿದ್ದೇನೆ. ಪೋಸ್ಟರು ಸಿಕ್ಕಿದೆ, ಮುರಿದ ಡ್ರಮ್ ಕಡ್ಡಿ ಸಿಕ್ಕಿದೆ, ಯಾರೋ ಎತ್ತಿಟ್ಟುಕೊಂಡಿದ್ದ ಗಿಟಾರ್ ತಂತಿಯೂ ಸಿಕ್ಕಿದೆ. ನನ್ನ ಟಿಕೆಟ್ ಇನ್ನೂ ಇಡಿಯಾಗಿದೆ. ಗೇಟಿನಲ್ಲಿ ಹರಿಯದೆ ಉಳಿದ ಟಿಕೆಟ್ ಅಪರೂಪವೆಂದು ಇಂಥವನ್ನು ಕೂಡಿಡುವ ಗೆಳೆಯರು ಅದಕ್ಕೆ ಬಾಯಿ ಬಿಡುತ್ತಾರೆ. ಅದು ಏಕೆ ಹರಿಯಲಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ. ಸಿಗದೆ ಉಳಿದದ್ದು ಒಂದೇ, ವೇದಿಕೆ ಕಟ್ಟಿದ ಕೆಲಸಗಾರರಿಗಷ್ಟೇ ಕೊಟ್ಟ ಕರಿ ಅಂಗಿ. ಎದೆಯ ಮೇಲೆ ಕಿರೀಟ ತೊಟ್ಟ ತಲೆಬುರುಡೆ, ಬೆನ್ನಿನ ಮೇಲೆ ತಂಡ ಸುತ್ತಿದ ಊರುಗಳ ಪಟ್ಟಿ.

ಅಂದು ವೇದಿಕೆಯ ಕಬ್ಬಿಣ ಹೊತ್ತ ಲಾರಿಯ ಡ್ರೈವರ್ ಹೊನ್ನೂರಸಾಬರು ಕೂಡ್ಲಿಗಿಯವರು. ಚಹಾದಂಗಡಿಯಲ್ಲಿ ಸಿಕ್ಕರು. ಗುರುತಿಗೆಂದು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದ, ಅದೇ ಬುರುಡೆಯ ಚಿತ್ರವಿದ್ದ ನನ್ನ ಟಿಕೆಟ್ ತೋರಿಸಿದೆ.

"ಇದೇ ಬುರುಡಿ ನೋಡ್ರಿ ಮೇಡಂ! ನನಗೂ ಒಂದು ಅಂಗಿ ಕೊಟ್ಟಿದ್ರು. ಲಾರಿ ಒರಸಾಕ ಹಾಕಿಬಿಟ್ಟೆ." ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು. "ನಮ್ಮ ಹಮಾಲಿ ಬರಮಪ್ಪ ಇಟ್ಟಿರಬೇಕ್ರಿ. ಕೊಟ್ಟೂರಾಗ ಅದಾನ. ಯಾವುದನ್ನೂ ಬಿಸಾಕೋ ಮನಷ್ಯಾ ಅಲ್ಲ."

ಕೊಟ್ಟೂರಿಗೆ ಅರ್ಧ ಮುಕ್ಕಾಲು ತಾಸಿನ ದಾರಿ, ನಿಂತುಕೊಂಡೇ. ಮಿರ್ಚಿ ಮಂಡಕ್ಕಿ ತಿಂದು ಬರಮಪ್ಪನ ಓಣಿ ಹುಡುಕಿದರೆ ಮನೆಗೆ ಬೀಗ. "ತೀರಿಕೊಂಡು ನಾಕು ವರ್ಷಾತ್ರಿ. ಹೆಂಡತಿ ಗಂಗಮ್ಮ ಹಡಗಲ್ಯಾಗ ತಂಗಿ ಮನ್ಯಾಗ ಅದಾಳ," ಎಂದಳು ಪಕ್ಕದ ಮನೆಯಾಕೆ. ಸತ್ತವನಿಗಾಗಿ ಬೇಸರವಾಗುವ ಮೊದಲು ಅಂಗಿ ಏನಾಯಿತೋ ಎಂದು ಚಿಂತೆಯಾಯಿತು. ಅದಕ್ಕೆ ನನಗೇ ನಾಚಿಕೆಯಾಯಿತು.

ಹಗರಿಬೊಮ್ಮನಹಳ್ಳಿಗೆ ಬರುವಷ್ಟರಲ್ಲಿ ಹಡಗಲಿ ಬಸ್ಸು ಹೋಗಿಯಾಗಿತ್ತು. ಎರಡು ತಾಸು ಕಲ್ಲುಬೆಂಚಿನ ಮೇಲೆ ತೂಕಡಿಸಿದೆ. ಹಡಗಲಿ ಮುಟ್ಟಿದಾಗ ಸಂಜೆ. ಲಾಡ್ಜಿನಲ್ಲಿ ನೀರಿರಲಿಲ್ಲ, ಕಾಲು ತೊಳೆಯದೆಯೇ ಮಲಗಿದೆ.

ಬೆಳಿಗ್ಗೆ ಗಂಗಮ್ಮ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತ ಕೂತಿದ್ದರು. ಟಿಕೆಟ್ಟಿನ ಬುರುಡೆ ನೋಡಿ ಕೈ ನಿಲ್ಲಿಸಿದರು.

"ಈ ಸುಡುಗಾಡು ಚಿತ್ರ ಮನ್ಯಾಗ ಬ್ಯಾಡ ಅಂತ ಒಂದಿನಾನೂ ಹಾಕ್ಕೊಳ್ಳಾಕ ಬಿಡಲಿಲ್ಲ ನಾನು. ಟ್ರಂಕಿನ್ಯಾಗ ಇಟ್ಟಿದ್ದೆ."

ಒಮ್ಮೆಯೂ ತೊಡದ ಅಂಗಿ! ನನ್ನ ಸೊಂಟನೋವೆಲ್ಲ ಮಾಯವಾಯಿತು. "ಈಗ ಎಲ್ಲೈತ್ರಿ?"

"ಕೌದಿ ಆತವ್ವ."

ಹುಟ್ಟಿದ ಕೂಸಿಗೆ ಹಿರಿಯರ ಬಟ್ಟೆ ಸೇರಿಸಿ ಕೌದಿ ಹೊಲಿಯಬೇಕು, ಅವರ ಮೈ ಕೂಸಿಗೆ ತಾಗಿದಂತೆ ಎನ್ನುವುದು ಅವರ ಮನೆಯ ಪದ್ಧತಿ. "ಮೊಮ್ಮಗಳು ಅಜ್ಜನ ಮುಖ ನೋಡಲಿಲ್ಲ. ಅವರು ಉಟ್ಟ ಧೋತರದ ಜೋಡಿ ಆಸೆಪಟ್ಟ ಅಂಗೀನೂ ಸೇರಿಸಿದೆ. ಬುರುಡಿ ನೋಡಿ ಬೆಚ್ಚಬಾರದು ಅಂತ ಅಂಗಿ ತಿರುವಿ ಚಿತ್ರ ಒಳಮಗ್ಗಲ ಹಾಕೀನಿ," ಎಂದರು. ಆಮೇಲೆ ಹರಪನಹಳ್ಳಿಯ ಮಗಳು ರೇಣುಕಾಗೆ ಫೋನ್ ಹಚ್ಚಿದರು. "ಹುಬ್ಬಳ್ಳಿಯಿಂದ ಒಬ್ಬ ಅಕ್ಕಾರು ಬರ್ತಾರ. ಎರಡು ದಿನಾತು ತಿರುಗಾಕ ಹತ್ತಿ. ಕೌದಿ ಕೇಳಿದ್ರ ಕೊಡು." ನನ್ನ ಕೈಗೆ ಮೊಳ ಮಲ್ಲಿಗೆ ಇಟ್ಟರು.

ಹರಪನಹಳ್ಳಿ ತಲುಪಿದಾಗ ಮಧ್ಯಾಹ್ನ. ಕೂಸು ಕೌದಿಯ ಮೇಲೆ ನಿದ್ದೆ ಹೋಗಿತ್ತು. ರೇಣುಕಾ ಅದನ್ನು ಮೆಲ್ಲಗೆ ಎತ್ತಿ ಸೀರೆಯ ಮೇಲೆ ಮಲಗಿಸಿದಳು. ಕೌದಿಯ ನಡುವೆ ಒಂದು ಕರಿ ಚೌಕ, ಸುತ್ತ ಧೋತರದ ಬಿಳಿ ತುಂಡುಗಳು. ಅಂಚಿನಿಂದ ಸುತ್ತುತ್ತ ನಡುವಿಗೆ ಬಂದ ಒಂದೇ ಹೊಲಿಗೆ. ನಡುವಿನ ತುಂಡು ಬೇಕೆಂದರೆ ಇಡೀ ಕೌದಿ ಬಿಚ್ಚಬೇಕು.

"ಬಿಚ್ರಿ ಅಕ್ಕಾರ, ಅವ್ವ ಹೇಳ್ಯಾಳ," ಎಂದು ಬ್ಲೇಡು ಕೊಟ್ಟಳು. ಆದರೆ ಕೌದಿಯ ತುದಿ ಅವಳ ಮುಷ್ಟಿಯಲ್ಲೇ ಇತ್ತು.

ಕರಿ ಚೌಕದ ಅಂಚಿನಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿದೆ. ಒಳಗೆ ಪಟ್ಟಿಯ ಕೊನೆಯ ಊರು, ಬೆಂಗಳೂರು, ನಿನ್ನೆ ಅಚ್ಚು ಹಾಕಿದಷ್ಟು ಬೆಳ್ಳಗೆ. ಇಂಥದ್ದು ಇನ್ನೊಂದು ಎಲ್ಲೂ ಇರಲಾರದು. ಅಷ್ಟರಲ್ಲಿ ಕೂಸು ಎಚ್ಚರವಾಗಿ, ಸೀರೆಯ ಮೇಲೆ ಕೈಯಾಡಿಸಿ, ಬೇಕಾದದ್ದು ಸಿಗದೆ ಅಳತೊಡಗಿತು. ನನಗೆ ತುಂಬ ದಣಿವಾಯಿತು. ಎರಡು ದಿನದ್ದಲ್ಲ, ಮೂವತ್ತು ವರ್ಷದ ದಣಿವು.

"ಸೂಜಿ ದಾರ ಕೊಡವ್ವ," ಎಂದೆ.

ಹೊಲಿಯುವ ಮೊದಲು ಕವರಿನಿಂದ ಟಿಕೆಟ್ ತೆಗೆದೆ. ಚುಕ್ಕೆ ಗೆರೆಯ ಗುಂಟ, ಗೇಟಿನವನು ಹರಿಯುವಂತೆ, ಹರಿದೆ. ಅರ್ಧವನ್ನು ಬೆಂಗಳೂರಿನ ಪಕ್ಕ ಒಳಗೆ ತೂರಿಸಿದೆ.

"ಒಗದ್ರ ಕರಗಿ ಹೋಗತೈತ್ರಿ," ಎಂದಳು ರೇಣುಕಾ.

"ಹೋಗಲಿ ಬಿಡು."

ಹೊಲಿದು ಮುಗಿಸಿದೆ, ಗಂಗಮ್ಮನ ಹೊಲಿಗೆಯ ಮುಂದೆ ನನ್ನದು ವಕ್ರ. ಕೌದಿ ಹೊದಿಸಿದ ಮೇಲೆ ಕೂಸು ಸುಮ್ಮನಾಯಿತು.

ಹಿಂದಿರುಗುವ ಬಸ್ಸಿನಲ್ಲಿ ಆಧಾರ್ ಕಾರ್ಡು ಹುಡುಕುವಾಗ ಉಳಿದರ್ಧ ಕೆಳಗೆ ಬಿತ್ತು. ಕಂಡಕ್ಟರ್ ಎತ್ತಿಕೊಟ್ಟು, "ಹರದ ಟಿಕೆಟ್ ಯಾಕ ಇಟ್ಕೊಂಡೀರಿ ಮೇಡಂ?" ಎಂದ.

"ಗೇಟಿನ್ಯಾಗ ಹರದ್ರಪ್ಪ," ಎಂದೆ. "ಒಳಗ ಹೋಗಿದ್ದೆ."