ಸೀಟಿ ಊದದ ಕಂಡಕ್ಟರು

ಹಳೆಯ ಬಸ್ಸುಗಳ ಈ ಸಂಗ್ರಹಾಲಯವನ್ನು ನಿವೃತ್ತ ನೌಕರರೇ ಸಂಬಳವಿಲ್ಲದೆ ನಡೆಸುತ್ತಾರೆ. ಅವರಲ್ಲಿ ಒಂದು ದಿನವೂ ತಪ್ಪಿಸದವರು ಕಂಡಕ್ಟರಣ್ಣ. ಮರದ ದಿಮ್ಮಿಗಳ ಮೇಲೆ ಕೂತಿರುವ, ಎಂಜಿನ್ನೇ ಇಲ್ಲದ ಕೆಂಪು ಬಸ್ಸು ಅವರ ಪಾಲಿನದು. ನೋಡಲು ಬಂದವರನ್ನು "ಒಳಗೆ ನಡೀರಿ, ಬಾಗಿಲಲ್ಲೇ ಸಂಸಾರ ಹೂಡ್ತೀರಾ?" ಎಂದು ಗದರಿಸಿ ಹತ್ತಿಸುತ್ತಾರೆ. ಯಾರಾದರೂ ಕಿಟಕಿಯಿಂದ ಕೈ ಚಾಚಿದರೆ "ಆ ಕೈ ಮನೆಗೆ ಬೇಡ್ವೇನಪ್ಪ?" ಎನ್ನುತ್ತಾರೆ. ಹಿಡಿಕಂಬಿಗಳ ಮೇಲಿನ ಬೆರಳಚ್ಚುಗಳನ್ನು ಅಂಗಿಯ ತೋಳಿನಿಂದಲೇ ಒರೆಸುತ್ತಾರೆ. ಜನ ಇಳಿಯುವಾಗ ಮಾತ್ರ ಈ ಗದ್ದಲ ನಿಲ್ಲುತ್ತದೆ. ತಾವೇ ಮೊದಲು ಇಳಿದು, ಒಬ್ಬೊಬ್ಬರಿಗೂ ಕೈ ಕೊಟ್ಟು, "ಎರಡೂ ಕಾಲು ನೆಲಕ್ಕೆ ಬಂತಾ?" ಎಂದು ಬಗ್ಗಿ ನೋಡುತ್ತಾರೆ. "ನಿಂತ ಬಸ್ಸಿಂದ ಬಿದ್ದೋರುಂಟಾ ಅಜ್ಜ?" ಎಂದು ಹುಡುಗಿಯರು ನಗುತ್ತಾರೆ, ಅವರೂ ನಗುತ್ತಾರೆ. ಕೊರಳಲ್ಲಿ ಸೀಟಿ ತೂಗುತ್ತಿದ್ದರೂ, ಮಕ್ಕಳು ಎಷ್ಟು ಗೋಗರೆದರೂ ಊದುವುದಿಲ್ಲ. ಕಾರಣ ಹೇಳುವವರು ಪಕ್ಕದ ಬಸ್ಸಿಗೆ ಬಣ್ಣ ಬಳಿಯುವ ಹಳೆಯ ಡ್ರೈವರು. "ಆ ಕೆಂಪು ಗಾಡಿ ಓಡಿಸ್ತಿದ್ದವನು ನಾನೇ," ಎನ್ನುತ್ತಾರೆ, ಬಳಿದ ಜಾಗಕ್ಕೇ ಮತ್ತೆ ಬಳಿಯುತ್ತಾ. "ಒಬ್ಬ ಹೆಂಗಸು ಇಳೀತಿದ್ರು. ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಇವನು ನೋಡದೆ ಸೀಟಿ ಊದಿದ, ನಾನು ಗಾಡಿ ಬಿಟ್ಟೆ. ಆಯಮ್ಮ ಉಳೀಲಿಲ್ಲ." ಸಂಜೆ ಎಲ್ಲರೂ ಹೋದ ಮೇಲೆ ಕಂಡಕ್ಟರಣ್ಣ ಖಾಲಿ ಬಸ್ಸಿನ ಹಿಂಬಾಗಿಲ ಬಳಿ ನೆಲದ ಮೇಲೆ ನಿಂತು, ಮೆಟ್ಟಿಲ ಕಡೆಗೆ ಕೈ ಚಾಚುತ್ತಾರೆ. "ನಿಧಾನಕ್ಕೆ ಇಳಿಯಮ್ಮ, ಗಾಡಿ ಹೊರಡಲ್ಲ," ಎಂದು ಹೇಳಿ ಸ್ವಲ್ಪ ಹೊತ್ತು ಕಾಯುತ್ತಾರೆ. ಬಾಗಿಲು ಹಾಕುವುದು ಆಮೇಲೆ.